ಗೀಟು ಮೇಡಂ ಕೊಟ್ಟ ಹೇಳಿಕೆ

ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ಅವರನ್ನು ಎಲ್ಲರೂ ಗೀಟು ಮೇಡಂ ಎಂದೇ ಕರೆಯುತ್ತಿದ್ದರು. ಶೀಘ್ರಲಿಪಿ ಬಲ್ಲವರು ಆ ಕಟ್ಟಡದಲ್ಲಿ ಉಳಿದಿದ್ದದ್ದು ಅವರೊಬ್ಬರೇ. ಮಾತಾಡುವವರು ಬಾಯಿ ಮುಚ್ಚುವುದರೊಳಗೆ ಅವರ ಪೆನ್ಸಿಲು ಆ ಮಾತನ್ನು ಗೀಟು, ಕೊಂಕು, ಚುಕ್ಕಿಗಳಲ್ಲಿ ಹಿಡಿದಿಟ್ಟಿರುತ್ತಿತ್ತು. "ನಾನು ಸೀನಿದ್ರೂ ಬರ್ಕೊಂಡ್ಬಿಡ್ತಾರೆ, ಹುಷಾರು" ಎಂದು ಕುಲಸಚಿವರು ಹೊಸಬರನ್ನು ನಗಿಸುತ್ತಿದ್ದರು. ಮೇಡಂ ನಗುತ್ತಿರಲಿಲ್ಲ. "ಸೀನಿಗೆ ಗುರುತಿಲ್ಲ ಸಾರ್, ಇದ್ದಿದ್ರೆ ಬರ್ಕೊಳ್ತಿದ್ದೆ" ಎನ್ನುತ್ತಿದ್ದರು.

ವಯಸ್ಸು ಐವತ್ತಾರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿಯೇ ಹೋಗಿತ್ತು. ಅದರ ಬಗ್ಗೆ ಅವರು ತಲೆ ಕೆಡಿಸಿಕೊಂಡವರಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಣ್ಣ ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಅವನ ಮಗ ಅದೇ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತ ಮೂರು ವರ್ಷದಿಂದ ಅತ್ತೆಯ ಮನೆಯಲ್ಲೇ ಇದ್ದ. ಬಾಯಿಬಡುಕ ಹುಡುಗ. ಸಂಜೆ ಬಂದವನೇ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅಂದಿನ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ಅತ್ತೆ ತರಕಾರಿ ಹೆಚ್ಚುತ್ತ "ಹೂಂ" ಅನ್ನಬೇಕು. ಒಂದು ಹೂಂ ತಪ್ಪಿದರೆ "ಅತ್ತೆ, ಕೇಳ್ತಿದೀರಾ?" ಎಂದು ಮೊದಲಿಂದ ಶುರು ಮಾಡುವನು. ಕಾಲೇಜಿನ ನಾಟಕ ತಂಡಕ್ಕೆ ದೀಪ ಹಾಕುವ ಕೆಲಸ ಅವನದು. ತಂಡದ ನಾಯಕ ಅವನಿಗೆ ದೇವರಿದ್ದಂತೆ.

ಒಂದು ಶನಿವಾರ ಸಂಜೆ ಬಂದವನು ಎಂದಿನಂತೆ ಮಾತು ಹರಿಯಬಿಡಲಿಲ್ಲ.

"ಅತ್ತೆ, ರಂಗಮಂದಿರದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಅಳ್ತಾ ಕೂತಿದ್ಲು. ಒಂದೇ ಕಾಲಲ್ಲಿ ಚಪ್ಪಲಿ."

"ಏನಾಯ್ತು ಅಂತ ಕೇಳಬಾರದಿತ್ತೇನೋ?"

"ಎರಡು ಸಲ ಕೇಳಿದೆ. ಮಾತಾಡ್ಲಿಲ್ಲ. ಎದ್ದು ಹೋಗ್ಬಿಟ್ಲು."

ಅಷ್ಟಕ್ಕೇ ಆ ಮಾತು ನಿಂತಿತು. ಅತ್ತೆಯೂ ಕೆದಕಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ದೂರು ಬಂದಿದೆಯೆಂದೂ, ಅದರ ವಿಚಾರಣೆಗೆ ಮೂವರ ಸಮಿತಿ ಕೂರುತ್ತದೆಯೆಂದೂ, ಹೇಳಿಕೆಗಳನ್ನು ಬರೆದುಕೊಳ್ಳಲು ಮೇಡಂ ಬರಬೇಕೆಂದೂ ಚೀಟಿ ಬಂತು. ಧ್ವನಿಮುದ್ರಣ ಬೇಡ ಎಂದು ಸಮಿತಿಯ ಅಧ್ಯಕ್ಷೆಯೇ ಹೇಳಿದ್ದರಂತೆ. ಹಿಂದೊಮ್ಮೆ ಇಂಥದೇ ಮುದ್ರಣವೊಂದು ವಿದ್ಯಾರ್ಥಿಗಳ ಫೋನಿನಿಂದ ಫೋನಿಗೆ ಹಾರಾಡಿತ್ತು. ಗೀಟು ಮೇಡಂ ಬರೆದದ್ದು ಕದ್ದವರಿಗೂ ಅರ್ಥವಾಗುವಂತಿರಲಿಲ್ಲ. ಅಧ್ಯಕ್ಷೆ ಸಸ್ಯಶಾಸ್ತ್ರದ ಪ್ರೊಫೆಸರು, ಕಡಿಮೆ ಮಾತಿನ ಹೆಂಗಸು. ಉಳಿದ ಇಬ್ಬರಲ್ಲಿ ಒಬ್ಬರು ಹೊರಗಿನ ವಕೀಲರು, ಇನ್ನೊಬ್ಬರು ಉಪಕುಲಸಚಿವರು.

ಮೊದಲ ದಿನ ಮೇಡಂ ಐದು ಪೆನ್ಸಿಲು ಚೂಪು ಮಾಡಿಕೊಂಡು ಹೊರಟರು. ಸಮಿತಿಯ ಕೋಣೆಯ ಹೊರಗೆ, ಅಂಕಪಟ್ಟಿಗೆ ಸಾಲು ನಿಲ್ಲುವ ಪಡಸಾಲೆಯಲ್ಲಿ, ಒಂದೇ ಒಂದು ಬೆಂಚಿತ್ತು. ಅದರ ಒಂದು ತುದಿಯಲ್ಲಿ ಒಬ್ಬಳು ಹುಡುಗಿ, ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗ. ಹುಡುಗಿ ಚೀಲವನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದಳು. ದೂರು ಕೊಟ್ಟವಳನ್ನೂ ದೂರಿಗೆ ಗುರಿಯಾದವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದಾರೆಂದು ಮೇಡಂಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಯಾರನ್ನೂ ಕೇಳದೆ, "ಬಾಮ್ಮ, ಇಲ್ಲಿ ಗಾಳಿ ಇಲ್ಲ" ಎಂದು ಅವಳನ್ನು ಪಕ್ಕದ ದಾಖಲೆ ಕೋಣೆಗೆ ಕರೆದೊಯ್ದು, ಕಡತಗಳ ನಡುವೆ ಒಂದು ಕುರ್ಚಿ ಹಾಕಿ, ಒಂದು ಲೋಟ ನೀರು ಕೊಟ್ಟರು.

ಹುಡುಗಿ ಎರಡನೇ ವರ್ಷದವಳು. ನಾಟಕಕ್ಕೆ ಹೊಸದಾಗಿ ಸೇರಿದ್ದಳು. ಒಳಗೆ ಬಂದು ಮೇಜಿನ ಅಂಚನ್ನೇ ನೋಡುತ್ತ ಹೇಳಿದಳು. ತಾಲೀಮು ಮುಗಿದ ಮೇಲೆ, ಉಡುಪಿನ ಅಳತೆ ನೋಡಬೇಕೆಂದು ತಂಡದ ನಾಯಕ ಅವಳನ್ನು ಬಟ್ಟೆ ಇಡುವ ಕೋಣೆಗೆ ಕರೆದ. ಬಾಗಿಲು ಹಾಕಿದ. "ಬೇಡ ಅಂದೆ. ಮೂರು ಸಲ ಅಂದೆ. ಮೂರನೇ ಸಲ ಕೂಗಿದೆ." ಆಮೇಲೆ ನಡೆದದ್ದನ್ನೂ ಹೇಳಿದಳು. ಒಂದೊಂದು ಮಾತಿನ ನಡುವೆ ದೊಡ್ಡ ದೊಡ್ಡ ಬಿಡುವು. ಹೇಗೋ ಬಿಡಿಸಿಕೊಂಡು ಓಡಿದಾಗ ಒಂದು ಚಪ್ಪಲಿ ಅಲ್ಲೇ ಉಳಿಯಿತು.

"ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ನೀಲಿ ಹೆಲ್ಮೆಟ್ ಹಿಡ್ಕೊಂಡಿದ್ದ ಹುಡುಗ ಒಬ್ಬ ಬಂದು ಏನಾಯ್ತು ಅಂತ ಎರಡು ಸಲ ಕೇಳ್ದ. ದೀಪ ಹಾಕೋನು. ಹೆಸರು ನಂಗೆ ಗೊತ್ತಿಲ್ಲ."

ಅದು ಯಾರೆಂದು ಮೇಡಂಗೆ ತಿಳಿಯಿತು. ಕೈ ಮಾತ್ರ ಬರೆಯುತ್ತಲೇ ಇತ್ತು.

ಹುಡುಗಿ ಹೊರಗೆ ಹೋದ ಮೇಲೆ ಉಪಕುಲಸಚಿವರು ಗಂಟಲು ಸರಿಮಾಡಿಕೊಂಡರು. "ಇದನ್ನೆಲ್ಲ ಹೀಗೇ ಬೆರಳಚ್ಚು ಮಾಡೋದು ಚೆನ್ನಾಗಿರಲ್ಲ. 'ಅನುಚಿತ ವರ್ತನೆ ನಡೆಯಿತು' ಅಂತ ಹಾಕಿ, ಸಾಕು."

"ಸಾರ್, ಆ ಮಾತು ಅವಳು ಹೇಳ್ಲಿಲ್ಲ" ಎಂದರು ಮೇಡಂ.

"ಅರ್ಥ ಅದೇ ಅಲ್ವಾ?"

"ಹೇಳಿದ್ದನ್ನೇ ಇಡಿ" ಎಂದರು ಅಧ್ಯಕ್ಷೆ. ಅಲ್ಲಿಗೆ ಅದು ಮುಗಿಯಿತು.

ಎಲ್ಲರೂ ಎದ್ದಾಗ ಮೇಡಂ ಅಧ್ಯಕ್ಷೆಯ ಹತ್ತಿರ ನಿಂತರು. "ಆ ದೀಪ ಹಾಕೋ ಹುಡುಗ ನಮ್ಮಣ್ಣನ ಮಗ. ನಮ್ಮನೇಲೇ ಇರೋದು. ನಾನಿನ್ನು ಬರ್ಕೊಳ್ಳೋದು ಸರಿಯಲ್ಲ."

ಅಧ್ಯಕ್ಷೆ ಯೋಚಿಸಿದರು. "ಬೇರೆ ಯಾರಿದ್ದಾರೆ ಹೇಳಿ? ನೀವು ಬರ್ಕೊಳ್ಳೋದಷ್ಟೇ ತಾನೆ, ತೀರ್ಮಾನ ನಮ್ಮದು. ಸಂಬಂಧ ಇದೆ ಅಂತ ದಾಖಲೆಗೆ ಹಾಕ್ತೀನಿ. ಮನೇಲಿ ಮಾತ್ರ ಇದರ ಸುದ್ದಿ ಎತ್ತಬೇಡಿ, ಅವನು ಸಾಕ್ಷಿ."

ಅವನು ಮನೆಯಲ್ಲಿ ಆಡಿದ್ದನ್ನು ಮೇಡಂ ಆಗ ಹೇಳಲಿಲ್ಲ. ಅದರ ಅಗತ್ಯವೇ ಅವರಿಗೆ ಕಾಣಲಿಲ್ಲ. ಕರೆದರೆ ಅವನೇ ಬಂದು ಹೇಳುತ್ತಾನಲ್ಲ!

ಬುಧವಾರ ಅವನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅತ್ತೆಯನ್ನು ಕಂಡು ಒಂದು ಕ್ಷಣ ತಡವರಿಸಿ, ನೋಟ ಬೇರೆ ಕಡೆ ಹೊರಳಿಸಿದ.

"ಆ ಶನಿವಾರ ಹಿಂದಿನ ಮೆಟ್ಟಿಲ ಮೇಲೆ ಯಾರನ್ನಾದ್ರೂ ನೋಡಿದ್ರಾ?" ಎಂದರು ಅಧ್ಯಕ್ಷೆ.

"ಇಲ್ಲ ಮೇಡಂ. ತಂತಿ ಸುತ್ತಿಟ್ಟು ಮುಂದಿನ ಬಾಗಿಲಿಂದ ಹೋದೆ."

"ಅಳ್ತಾ ಇದ್ದ ಹುಡುಗಿ?"

"ಯಾರನ್ನೂ ನೋಡಿಲ್ಲ."

ಮೇಡಂ ಅದನ್ನು ಬರೆದುಕೊಂಡರು. ಅವರ ಪೆನ್ಸಿಲು ಒಂದಿಷ್ಟೂ ತಡೆಯಲಿಲ್ಲ. ನಿಜವಾದ ಮಾತನ್ನು ಎಷ್ಟು ಸಲೀಸಾಗಿ ಬರೆಯುತ್ತಿತ್ತೋ ಅಷ್ಟೇ ಸಲೀಸಾಗಿ ಇದನ್ನೂ ಬರೆಯಿತು. ಅದನ್ನು ಕಂಡು ಅವರಿಗೆ ಭಯವಾಯಿತು.

ಆಮೇಲಿನ ನಾಲ್ಕು ದಿನ ಆ ಮನೆಯಲ್ಲಿ ತಟ್ಟೆ ಲೋಟಗಳ ಸದ್ದಷ್ಟೇ. ಹುಡುಗ ಬಾಗಿಲಿಗೆ ಒರಗಿ ನಿಲ್ಲುವುದನ್ನು ಬಿಟ್ಟ. ಕೇಳಿಬಿಡಲೇ ಎಂದು ಅತ್ತೆಗೆ ಹತ್ತು ಸಲ ಅನ್ನಿಸಿತು. ಕೇಳಿದರೆ ಸಾಕ್ಷಿಗೆ ಪಾಠ ಹೇಳಿಕೊಟ್ಟಂತೆ. ಕೇಳದಿದ್ದರೆ ಆ ಹುಡುಗಿಯ ಮಾತಿಗೆ ಇದ್ದ ಒಂದೇ ಆಸರೆ ಹೋದಂತೆ. ಬಾಯಿಗೆ ಬೀಗ ಹಾಕಿಕೊಂಡು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವರು ಅವರು. ಕೇಳಿದ್ದನ್ನು ಹೊರಗೆ ಬಿಡದಿರುವುದೇ ಅವರ ಹೆಮ್ಮೆಯಾಗಿತ್ತು. ಆದರೆ ಅಡುಗೆಮನೆಯಲ್ಲಿ ಅವನು ಆಡಿದ್ದು ಕಚೇರಿಯ ಗುಟ್ಟಲ್ಲ. ಅದನ್ನು ಅವರು ಕೇಳಿದ್ದು ಬರೀ ಅತ್ತೆಯಾಗಿ.

ಸೋಮವಾರ ಬೆಳಿಗ್ಗೆ ಸಸ್ಯಶಾಸ್ತ್ರದ ಪ್ರಯೋಗಶಾಲೆಗೆ ಹೋಗಿ, ಅಧ್ಯಕ್ಷೆ ಸೂಕ್ಷ್ಮದರ್ಶಕದಿಂದ ತಲೆಯೆತ್ತುವವರೆಗೆ ಕಾದರು.

"ಅವನು ಅವತ್ತು ಮನೆಗೆ ಬಂದು ನಂಗೆ ಬೇರೆ ಥರ ಹೇಳಿದ್ದ."

ಅಧ್ಯಕ್ಷೆ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟರು. "ಇದನ್ನ ಹೇಳಿದ್ರೆ ನೀವೂ ಸಾಕ್ಷಿ ಆಗ್ತೀರಿ. ಬರ್ಕೊಳ್ಳೋ ಪುಸ್ತಕ ಕೆಳಗಿಡಬೇಕಾಗುತ್ತೆ."

"ಇಡ್ತೀನಿ."

"ಮನೆ?"

"ಅದನ್ನ ಆಮೇಲೆ ನೋಡ್ಕೊಳ್ತೀನಿ."

ಅಂದು ಮಧ್ಯಾಹ್ನ ಮೇಡಂ ಮೇಜಿನ ಆ ಬದಿಗೆ, ಸಾಕ್ಷಿಗಳ ಕುರ್ಚಿಯಲ್ಲಿ ಕೂತರು. ಶೀಘ್ರಲಿಪಿ ಬಲ್ಲವರು ಬೇರಾರೂ ಇಲ್ಲದ್ದರಿಂದ ವಕೀಲರೇ ಕೈಬರಹದಲ್ಲಿ ಬರೆದುಕೊಂಡರು. "ನಿಧಾನ, ನಿಧಾನ... 'ಒಂದೇ ಕಾಲಲ್ಲಿ' ಆದ್ಮೇಲೆ ಏನಂದ್ರಿ?" ಹೇಳಿದ್ದನ್ನೇ ಮತ್ತೆ ಹೇಳಬೇಕು. ಮತ್ತೆ ಹೇಳುವಾಗ ಒಂದು ಪದ ಆಚೀಚೆಯಾದರೆ ಉಪಕುಲಸಚಿವರು ಹುಬ್ಬೇರಿಸುತ್ತಾರೆ. ಎರಡೇ ಸಾಲಿನ ಮಾತಿಗೆ ಅರ್ಧ ಗಂಟೆ ಹಿಡಿಯಿತು. ಆ ಹುಡುಗಿ ಇದೇ ಕುರ್ಚಿಯಲ್ಲಿ ಒಂದೂವರೆ ಗಂಟೆ ಕೂತಿದ್ದಳು.

ಮರುದಿನ ಹುಡುಗನನ್ನು ಮತ್ತೆ ಕರೆದು ಅತ್ತೆಯ ಹೇಳಿಕೆಯನ್ನು ಓದಿದರು. ಅವನು ಎಲ್ಲವನ್ನೂ ಹೇಳಿದನಂತೆ. ವಿಚಾರಣೆಗೆ ಹಿಂದಿನ ದಿನ ನಾಯಕ ಅವನ ಹೆಗಲ ಮೇಲೆ ಕೈ ಹಾಕಿ, "ನೀನು ಯಾರನ್ನೂ ನೋಡಿಲ್ಲ, ಅಲ್ವಾ?" ಎಂದಿದ್ದ. ಗದರಿಸಿರಲಿಲ್ಲ, ಬೇಡಿಯೂ ಇರಲಿಲ್ಲ. ನಗುತ್ತ ಕೇಳಿದ್ದ, ಅಷ್ಟೇ.

ಸಂಜೆ ಅವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದ.

"ಮನೇಲಿ ಆಡಿದ ಮಾತನ್ನ ಅಲ್ಲಿ ಹೋಗಿ ಹೇಳಿದ್ರಲ್ಲ ಅತ್ತೆ!"

"ಹೇಳಿದೆ."

"ನನ್ನನ್ನೊಂದು ಮಾತು ಕೇಳಬಹುದಿತ್ತು."

"ಕೇಳೋ ಹಾಗಿರಲಿಲ್ಲ ಕಣೋ. ನಾಲ್ಕು ದಿನ ನೀನೇ ಹೇಳ್ತೀಯೇನೋ ಅಂತ ಕಾದೆ."

"ಅವನು ನನ್ನ ಸ್ನೇಹಿತ."

"ಅವಳು ನಿಂಗೆ ಯಾರೂ ಅಲ್ಲ. ಆದ್ರೂ ಎರಡು ಸಲ ನಿಂತು ಕೇಳಿದ್ಯಲ್ಲ, ಯಾಕೆ?"

ಅವನು ತಿರುಗಿ ತನ್ನ ಕೋಣೆಗೆ ನಡೆದ. ಆ ವಾರವೇ ಹಾಸ್ಟೆಲಿಗೆ ಹೋದ. ಅಣ್ಣ ಫೋನು ಮಾಡಿ, "ಸ್ವಂತ ರಕ್ತಕ್ಕೆ ಹೀಗೆ ಮಾಡೋರುಂಟಾ?" ಎಂದು ಬಾಯಿಗೆ ಬಂದಂತೆ ಬೈದು, ಆಮೇಲೆ ಏಳು ತಿಂಗಳು ಮಾತು ಬಿಟ್ಟ.

ಸಮಿತಿ ಆತುರಪಡಲಿಲ್ಲ. ನಾಯಕನನ್ನು ಎರಡು ದಿನ ಕೂರಿಸಿ ಕೇಳಿದರು. ತನ್ನ ಪರವಾಗಿ ಒಬ್ಬ ಮೇಷ್ಟ್ರನ್ನು ಕರೆತರಲು ಬಿಟ್ಟರು, ಅವನು ಹೇಳಿದ ಮೂವರು ಸಾಕ್ಷಿಗಳನ್ನೂ ಕೇಳಿದರು. ಅವಳು ತಪ್ಪು ತಿಳಿದುಕೊಂಡಳು ಎಂಬುದೇ ಅವನ ವಾದ. ಬಟ್ಟೆ ಕೋಣೆಯ ಪೆಟ್ಟಿಗೆಯ ಹಿಂದೆ ಸಿಕ್ಕ ಚಪ್ಪಲಿಗೆ ಮಾತ್ರ ಅವನ ಬಳಿ ಹಾರಿಕೆಯ ಉತ್ತರವಷ್ಟೇ ಇತ್ತು. ಕೊನೆಗೆ ಅವನನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದರು. ಪೊಲೀಸರ ಬಳಿ ಹೋಗುವುದಾದರೆ ಕಾಗದಪತ್ರವನ್ನೆಲ್ಲ ಕೊಡುತ್ತೇವೆ, ಜೊತೆಗೂ ಬರುತ್ತೇವೆ ಎಂದು ಹುಡುಗಿಗೆ ಬರೆದು ತಿಳಿಸಿದರು. ಅವಳು ಎರಡು ತಿಂಗಳು ಯೋಚಿಸಿ ಹೋದಳು. ಆ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಸುಳ್ಳು ಹೇಳಿದ ಅಣ್ಣನ ಮಗನಿಗೆ ಒಂದು ಸೆಮಿಸ್ಟರ್ ಅಮಾನತು. ತಾನಾಗಿ ತಿದ್ದಿಕೊಂಡನೆಂದು ಕಡಿಮೆ ಮಾಡೋಣವೇ ಎಂಬ ಮಾತೂ ಬಂದಿತ್ತಂತೆ. "ತಾನಾಗಿ ತಿದ್ದಿಕೊಳ್ಳಲಿಲ್ಲವಲ್ಲ" ಎಂದು ಅಧ್ಯಕ್ಷೆ ಒಪ್ಪಲಿಲ್ಲ.

ವರದಿ ಬರೆಯುವಾಗ ಅಧ್ಯಕ್ಷೆ ಮೇಡಂ ಅವರನ್ನು ಕರೆದು, "ನೀವು ಎಷ್ಟೋ ಸಮಿತಿ ನೋಡಿದ್ದೀರಿ. ನಿಮಗೇನನ್ಸುತ್ತೆ, ಬರ್ಕೊಡಿ" ಎಂದರು. ಇನ್ನೊಬ್ಬರ ಮಾತನ್ನೇ ಬರೆದು ಬರೆದು ಸ್ವಂತ ಮಾತು ಬರೆದು ಅಭ್ಯಾಸವಿಲ್ಲದ ಮೇಡಂ ಮೂರು ದಿನ ಒದ್ದಾಡಿ ಒಂದು ಹಾಳೆ ತುಂಬಿಸಿದರು. ಆ ಹುಡುಗಿ ಸಮಿತಿಯ ಮುಂದೆ ಬರುವ ಮೊದಲೇ ವಾರ್ಡನ್ನಿಗೆ, ವಿಭಾಗದ ಮುಖ್ಯಸ್ಥರಿಗೆ, ಕಾವಲು ಅಧಿಕಾರಿಗೆ, ಉಪಕುಲಸಚಿವರಿಗೆ, ಹೀಗೆ ನಾಲ್ಕು ಕೋಣೆಗಳಲ್ಲಿ ಅದೇ ಕಥೆ ಹೇಳಬೇಕಾಯಿತು. ಮೊದಲ ಸಲವೇ ಸರಿಯಾಗಿ ಬರೆದುಕೊಂಡು ಅವಳಿಗೆ ಓದಿ ಹೇಳಿ ಸಹಿ ಹಾಕಿಸಿದ್ದರೆ ಸಾಕಾಗಿತ್ತು. ಇಬ್ಬರಿಗೂ ಕಾಯಲು ಬೇರೆ ಬೇರೆ ಕೋಣೆ ಬೇಕು. ಬರೆದುಕೊಳ್ಳುವವರಿಗೆ ಯಾರೊಡನೆಯಾದರೂ ಸಂಬಂಧವಿದ್ದರೆ ಬೇರೆಯವರನ್ನು ಹುಡುಕಲೇಬೇಕು. ಈ ಸಲ ಹುಡುಕದೆ ತಪ್ಪಾಯಿತು, ಆ ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದು ಹಾಳೆ ಮುಗಿಸಿದ್ದರು. ಅಧ್ಯಕ್ಷೆ ಕೊನೆಯ ಸಾಲನ್ನು ಎರಡು ಸಲ ಓದಿ, ಹಾಳೆಯನ್ನು ಹಾಗೇ ವರದಿಗೆ ಸೇರಿಸಿದರು. ಮರುವರ್ಷ ಅದರಲ್ಲಿ ಬಹುಪಾಲು ನಿಯಮವಾಯಿತು. ಉಪಕುಲಸಚಿವರು ಮೇಡಂ ಅವರನ್ನು ಕೆಲವು ತಿಂಗಳು ಅಂಚೆ ವಿಭಾಗಕ್ಕೆ ಹಾಕಿಸಿದರು. "ಅಲ್ಲಿ ಕಿಟಕಿ ದೊಡ್ಡದು" ಎಂದು ಮೇಡಂ ಸುಮ್ಮನೆ ಹೋದರು.

ಅಮಾನತು ಮುಗಿದ ಮೇಲೆ ಅಣ್ಣನ ಮಗ ಒಂದು ಭಾನುವಾರ ಬಟ್ಟೆಯ ಚೀಲ ಹಿಡಿದು ಬಂದ. ಹಾಸ್ಟೆಲಿನ ಒಗೆಯುವ ಯಂತ್ರ ಕೆಟ್ಟಿದೆ ಅಂದ. ಬಟ್ಟೆ ಒಣಗುವವರೆಗೂ ಕೂತಿದ್ದ, ಹೆಚ್ಚು ಮಾತಾಡಲಿಲ್ಲ. ಮುಂದಿನ ಭಾನುವಾರವೂ ಬಂದ. ಯಂತ್ರ ಒಂದು ವರ್ಷ ರಿಪೇರಿಯಾಗಲಿಲ್ಲ.

ಮೇಡಂ ನಿವೃತ್ತಿಗೆ ಮೂರು ತಿಂಗಳಿದ್ದಾಗ ಆ ಹುಡುಗಿ ಪದವಿಪತ್ರ ಪಡೆಯಲು ಕಚೇರಿಗೆ ಬಂದಳು. ಪತ್ರದಲ್ಲಿ ಅವಳ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ತಿದ್ದಲು ಮೂರು ವಾರ ಬೇಕೆಂದು ಗುಮಾಸ್ತ ಹೇಳುತ್ತಿದ್ದ. ಹಿಂದಿನ ಮೇಜಿನಿಂದ ಮೇಡಂ ಎದ್ದು ಬಂದರು.

"ಕೊಡಿಲ್ಲಿ. ಮಧ್ಯಾಹ್ನದೊಳಗೆ ಮಾಡಿಸ್ತೀನಿ."

ಹುಡುಗಿ ಗುರುತು ಹಿಡಿದಳು. ತಪ್ಪಿದ್ದ ಪತ್ರವನ್ನು ಅವರ ಕೈಗಿತ್ತಳು.

"ಊಟ ಆಗಿದ್ಯಾ?" ಎಂದರು ಮೇಡಂ.

"ಇಲ್ಲ."

"ಹೋಗಿ ಮಾಡ್ಕೊಂಡು ಬಾ. ಎರಡು ಗಂಟೆಗೆ ರೆಡಿ ಇರುತ್ತೆ."

ಎರಡಕ್ಕೆ ಐದು ನಿಮಿಷವಿರುವಾಗಲೇ ಪತ್ರ ಸಿದ್ಧವಾಗಿತ್ತು. ಹುಡುಗಿ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ, "ಸರಿಯಾಗಿದೆ" ಎಂದು ಸಹಿ ಹಾಕಿದಳು.