ಬಾಗಿಲು ಹಾಕಿದ ಊರಿನಲ್ಲಿ ಓರ್ನೆಲ್ಲಾ

ನಮ್ಮ ಇಟಲಿಯ ಫೆರಾರಾ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಓರ್ನೆಲ್ಲಾಳಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ. ರಜೆಯ ಭಾನುವಾರ ಕಾಫಿ ಕುಡಿದು ಮುಗಿಸುವ ಮೊದಲೇ ಗಂಡನನ್ನು "ಏಳೋ, ಹೊರಡೋಣ" ಎಂದು ಎಬ್ಬಿಸುತ್ತಾಳೆ. ಎಲ್ಲಿಗೆಂದು ಅವಳಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಕೂತರೆ "ಕೆಲಸಕ್ಕೆ ಒಬ್ಬಳು ಬಂದಿಲ್ಲ, ನೀನೇ ಬಾಮ್ಮ" ಎಂದು ಮ್ಯಾನೇಜರನ ಫೋನು ಬರುತ್ತದೆ. ಲೋಕ ಸೃಷ್ಟಿಸಿ ದೇವರು ಸುಸ್ತಾಗಿ ಮಲಗಿದ ದಿನವೂ ಅಂಗಡಿ ತೆರೆಯುವ ಧಣಿಗಳಿಗೆ ಅವಳ ಭಾನುವಾರವೆಂದರೆ ಬೇಲಿಯಿಲ್ಲದ ಹೊಲ. ಹೀಗೆ ಓಡಿಹೋದ ಪ್ರಯಾಣ ಒಂದೂ ನೆಟ್ಟಗಾದದ್ದಿಲ್ಲ. ಈಲು ಮೀನಿನ ಹಬ್ಬಕ್ಕೆಂದು ಹೋದರೆ ಅದು ಹಿಂದಿನ ವಾರವೇ ಮುಗಿದಿರುತ್ತದೆ; ಗುಡ್ಡದ ಊರಿಗೆ ಹೋದರೆ, ಭಾನುವಾರ ಬಸ್ಸೇ ಇಲ್ಲವೆಂದು ಸ್ಟೇಷನ್ನಿನಿಂದ ನಡೆದೇ ಹತ್ತಬೇಕಾಗುತ್ತದೆ. "ಇದನ್ನ ನೋಡೋಕೆ ಬಂದ್ವಾ?" ಎಂದು ಗಂಡ ಇವಾನೊ ಗೊಣಗಿದರೆ, "ನನ್ನ ರಜೆ ಕಣೋ, ನನ್ನಿಷ್ಟ ಬಂದ ಹಾಗೆ ಹಾಳು ಮಾಡ್ಕೋತೀನಿ" ಎನ್ನುತ್ತಾಳೆ. ಮೊನ್ನೆ ಹೋದ ಊರಿನಲ್ಲಂತೂ ಎಲ್ಲ ಅಂಗಡಿಗಳೂ ಬಾಗಿಲು ಹಾಕಿದ್ದವು. "ಒಂದು ತುಂಡು ಬ್ರೆಡ್ಡಿಗೂ ಗತಿಯಿಲ್ವಲ್ಲೇ ಮಹಾರಾಯ್ತಿ!" ಎಂದು ಇವಾನೊ ಬೇಕರಿಯ ಬಾಗಿಲು ಬಡಿಯಲು ಕೈಯೆತ್ತಿದ. ಮಹಡಿಯ ಕಿಟಕಿಯಿಂದ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಓರ್ನೆಲ್ಲಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬಡೀಬೇಡ. ಮೇಲೆ ಬೇಕರಿಯಾಕೆ ಮಕ್ಕಳ ಜೊತೆ ಊಟಕ್ಕೆ ಕೂತಿದ್ದಾಳೆ. ನಾವು ಹಸಿದೇ ಮನೆಗೆ ಹೋಗೋಣ, ನಡಿ."