ಭಾವ ಮುಟ್ಟದ ಬೆಲ್ಲ ನೀರು

ನನ್ನ ಅಕ್ಕನ ಗಂಡ ಕುಶಾಲಪ್ಪ ಗೌಡರಿಗೆ ಸಂಶಯ ಹುಟ್ಟುಗುಣ. ಕಂಡಕ್ಟರ್ ನಕ್ಕರೆ ಸಂಶಯ, ಹಾಲು ತೆಳ್ಳಗಿದ್ದರೆ ಸಂಶಯ, ನಾನು ಸುಮ್ಮನೆ ಮನೆಗೆ ಹೋದರೂ ಏನೋ ಕೇಳಲಿಕ್ಕೇ ಬಂದಿದ್ದೇನೆಂಬ ಸಂಶಯ. ಕಳೆದ ವರ್ಷ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಅದು ಮನೆಯ ನಾಯಿಯವರೆಗೂ ಹೋಯಿತು. ನಾಯಿ ಹತ್ತಿರ ಬಂದು ಮೂಸಿದರೆ ಸಾಕು, ಭಾವ ಕೋಲು ಹುಡುಕುತ್ತಿದ್ದರು.

ಅವರು ಮೂಲತಃ ಸುಳ್ಯ ಕಡೆಯವರು, ಮನೆಯಲ್ಲಿ ಆಡುವ ಮಾತು ಅರೆಭಾಷೆ. ಪೆರಾಬೆಯಲ್ಲಿ ಜಾಗ ಮಾಡಿಕೊಂಡು, ವಯಸ್ಸಾಗಿ ಬಿಡುವವರೆಗೂ ಪುತ್ತೂರಿನಿಂದ ಸವಣೂರು ದಾರಿಯಾಗಿ ಕಡಬಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರಾಗಿದ್ದರು. ಆ ದಾರಿಯಲ್ಲಿ ಅವರಿಗೆ ದೊಡ್ಡ ಹೆಸರು. ಬಸ್ಸು ಒಂದು ದಿನವೂ ತಡವಾಗುತ್ತಿರಲಿಲ್ಲ. ಯಾರಿಗೆ ಎಷ್ಟೇ ಅವಸರವಾದರೂ ಮೂತ್ರಕ್ಕೆಂದು ದಾರಿಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಯಾರಾದರೂ ಅಂಗಲಾಚಿದರೆ ಕನ್ನಡಿಯಲ್ಲೇ ನೋಡಿ, "ನನಗೆ ಹಿಡ್ಕೊಳ್ಳಿಕ್ಕೆ ಆಗ್ತದೆ, ನಿಮಗೆ ಆಗುದಿಲ್ವಾ?" ಎನ್ನುತ್ತಿದ್ದರು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಅಂಥ ಮನುಷ್ಯನಿಗೆ ಈಗ ಹಿಡಿತ ತಪ್ಪಿತ್ತು. ಆಪರೇಷನ್ನಿನ ಕೊಳವೆ ತೆಗೆದ ಮೇಲೆ ಕೆಮ್ಮಿದರೆ ಒಂದಿಷ್ಟು, ಕುರ್ಚಿಯಿಂದ ಎದ್ದರೆ ಒಂದಿಷ್ಟು, ನಕ್ಕರೆ ಒಂದಿಷ್ಟು ಸೋರುತ್ತಿತ್ತು. ನಗುವುದನ್ನಂತೂ ಸುಲಭವಾಗಿ ಬಿಟ್ಟರು, ಅದರ ಅಭ್ಯಾಸ ಮೊದಲೇ ಕಡಿಮೆ. ಪುತ್ತೂರಿನ ಡಾಕ್ಟರ್ ಫಾತಿಮತ್ ಝುಹ್ರಾ, ಇದು ಹಲವರಿಗೆ ಆಗುವಂಥದ್ದೇ, ಬರಬರುತ್ತಾ ಕಡಿಮೆಯಾಗುತ್ತದೆ, ನಾನು ಹೇಳಿಕೊಟ್ಟ ವ್ಯಾಯಾಮ ಮಾಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು ಹೇಳಿ ಕಳಿಸಿದ್ದರು. ಭಾವನಿಗೆ ಡಾಕ್ಟರ ಮೇಲೂ ಸಂಶಯ.

"ಸೋರುವವನಿಗೆ ನೀರು ಕುಡಿ ಅಂತಾಳಲ್ಲ ಆ ಹುಡುಗಿ. ಇದು ಎಂತ ಮದ್ದು ಮಾರಾಯ?"

ವಿಷಯ ಗೊತ್ತಿದ್ದದ್ದು ಅವರ ಬಟ್ಟೆ ಒಗೆಯುವ ನನ್ನ ಅಕ್ಕ ಶೀಲಾವತಿಗೆ ಮತ್ತು ಆಸ್ಪತ್ರೆಯಲ್ಲಿ ಜೊತೆಗಿದ್ದ ನನಗೆ. ಮಗ ಕೀರ್ತನ್‌ಗೆ ಆಪರೇಷನ್ ಆದದ್ದು ಮಾತ್ರ ಗೊತ್ತು. ಊರಿಗೆ ಹರ್ನಿಯಾ ಎಂದು ಹೇಳಿಯಾಗಿತ್ತು. ಅಕ್ಕನ ತಲೆಯ ಮೇಲೆ ಕೈ ಇಡಿಸಿ ಭಾವ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಆದರೂ ನಂಬಿಕೆಯಿಲ್ಲ. ಸೋರುವುದಕ್ಕೆ ಒಳಗೆ ಇಟ್ಟುಕೊಳ್ಳುವ ಪ್ಯಾಡ್ ತರಲು ಕಡಬದ ಮೆಡಿಕಲ್ ಆಗದು, ಪುತ್ತೂರಿಗೇ ಹೋಗಬೇಕು, ಅಲ್ಲೂ ಪ್ರತಿ ಸಲ ಬೇರೆ ಅಂಗಡಿ. ಓಡಾಡುವವನು ನಾನು.

ಒಂದು ದಿನ ನೆರೆಮನೆಯ ಅಲೀಮಮ್ಮ ಹಲಸಿನ ಹಣ್ಣು ಕೊಡಲು ಬಂದವರು ಅಂಗಳದಲ್ಲಿ ನಿಂತು ಮೂಗು ಒರೆಸಿಕೊಂಡರು. ಅವರಿಗೆ ಶೀತ. ಭಾವ ಆ ಕೂಡಲೇ ನನಗೆ ಫೋನ್ ಮಾಡಿದರು.

"ಜಯಪ್ರಕಾಶಾ, ನೀನು ಅಲೀಮಮ್ಮನ ಹತ್ರ ಎಂತ ಹೇಳಿದ್ದಿ?"

"ನಾನು ಅವರನ್ನು ನೋಡದೆ ಎಷ್ಟೋ ಸಮಯ ಆಯ್ತು ಭಾವ."

"ಮತ್ತೆ ಅವಳು ಮೂಗು ಯಾಕೆ ಒರೆಸಿದ್ದು?"

ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ.

ಕೊನೆಗೆ ಭಾವ ತಮಗೆ ತಾವೇ ಮದ್ದು ಕಂಡುಕೊಂಡರು. ನೀರು ಕುಡಿಯುವುದನ್ನೇ ನಿಲ್ಲಿಸಿದರು. ಊಟಕ್ಕೆ ಗಂಜಿ ಬಿಟ್ಟು ಒಣ ಅನ್ನ, ಚಹಾ ಅರ್ಧ ಲೋಟ, ಹೊರಗೆ ಹೊರಡುವುದಿದ್ದರೆ ಅದೂ ಇಲ್ಲ. ಅಕ್ಕ ಬೈದರು, ಅತ್ತರು. ನಡೆಯಲಿಲ್ಲ.

ಇಂಥ ಹೊತ್ತಿನಲ್ಲೇ ಕೀರ್ತನ್‌ನ ಮದುವೆ ಮಾತು ಬಂತು. ತಂದವನು ನಾನೇ. ಕಡಬದಲ್ಲಿ ನನ್ನದು ಪೈಪು ಪಂಪುಗಳ ಅಂಗಡಿ. ಅಲ್ಲಿಗೆ ಬರುವ ಸವಣೂರಿನ ಸಂಕಪ್ಪ ಗೌಡರಿಗೆ ನವ್ಯಾ ಎಂಬ ಮಗಳು, ಶಾಲೆಯಲ್ಲಿ ಟೀಚರ್. ನಮ್ಮ ಹುಡುಗ ಸಹಕಾರಿ ಸಂಘದಲ್ಲಿ ಗುಮಾಸ್ತ. ಇಬ್ಬರೂ ಮಾತಾಡಿಕೊಂಡು ಒಪ್ಪಿದ್ದರು. ಕೀರ್ತನ್ ಫೋನ್ ಹಿಡಿದು ಒಬ್ಬನೇ ನಗುವುದನ್ನು ನೋಡಿ ಅಕ್ಕನಿಗೂ ಸಂತೋಷವಾಗಿತ್ತು. ಹಿರಿಯರು ಹೋಗಿ ಮಾತು ಮುಗಿಸುವುದಷ್ಟೇ ಬಾಕಿ.

ಹೋದೆವು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಅದನ್ನು ಮುಟ್ಟದಿದ್ದರೆ ಆ ಮನೆಯ ಬಗ್ಗೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಲೆಕ್ಕ. ಸಂಕಪ್ಪರ ಹೆಂಡತಿ ಪಂಕಜಾಕ್ಷಿ ಹೊಳೆಯುವ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ನಾವೆಲ್ಲ ಕುಡಿದೆವು. ಭಾವ ಕೈ ಅಡ್ಡ ಹಿಡಿದರು. ನಿಂಬೆ ಶರಬತ್ತು ಬಂತು, ಬೇಡ. ಚಹಾ ಬಂತು, ಬೇಡ. ಕೂರಲು ಹೊಸ ಸೋಫಾ ತೋರಿಸಿದರೆ ಅದರ ಬಿಳಿ ಹೊದಿಕೆಯನ್ನು ಹಾವು ನೋಡಿದ ಹಾಗೆ ನೋಡಿ, "ಡ್ರೈವರಿಕೆಯಲ್ಲಿ ಕೂತು ಕೂತು ಸಾಕಾಗಿದೆ" ಎಂದು ಕಂಬಕ್ಕೆ ಒರಗಿ ನಿಂತರು. ಹುಡುಗಿ ಬಂದು ನಮಸ್ಕಾರ ಮಾಡುವಾಗ ಭಾವನಿಗೆ ಕೆಮ್ಮು ಬಂತು. ಮುಖ ಬಿಳುಚಿತು. "ಹೊರಡುವ" ಎಂದು ಅಂಗಳಕ್ಕೆ ಇಳಿದೇಬಿಟ್ಟರು. ಒಳಗೆ ಊಟಕ್ಕೆ ಎಲೆ ಹಾಕಿದ್ದರು.

ಕೆಲವೇ ದಿನಗಳಲ್ಲಿ ಸಂಕಪ್ಪರು ಅಂಗಡಿಗೆ ಬಂದರು, ಪೈಪು ಕೊಳ್ಳಲಿಕ್ಕಲ್ಲ.

"ನಿಮ್ಮ ಭಾವನದ್ದು ಎಂತ ಕತೆ ಮಾರಾಯ್ರೆ? ನಮ್ಮ ಮನೆಯ ನೀರು ಅವರಿಗೆ ಆಗುದಿಲ್ವಾ? ನಾವು ತುಳು ಮಾತಾಡುವವರು ಅಂತ ಸಸಾರವಾ? ಇಲ್ಲ, ಹುಡುಗಿಯ ಬಗ್ಗೆ ಯಾರಾದ್ರೂ ಎಂತಾದ್ರೂ ಕಿವಿಗೆ ಹಾಕಿದ್ದಾರಾ?"

"ಹಾಗೆಂತ ಇಲ್ಲ ಸಂಕಪ್ಪಣ್ಣ. ಅವರಿಗೆ ಗ್ಯಾಸ್ಟ್ರಿಕ್."

"ಗ್ಯಾಸ್ಟ್ರಿಕ್ ಇದ್ದವರು ನೀರು ಕುಡಿಯುದಿಲ್ವಾ?"

ಅಕ್ಕನ ತಲೆಯ ಮೇಲಿನ ಆಣೆ ನೆನಪಾಗಿ ನಾನು ಬಿಲ್ ಪುಸ್ತಕ ತಿರುವಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇರೊಂದು ಸಂಬಂಧ ಬಂದಿದೆ, ಇನ್ನು ಅದನ್ನೇ ನೋಡುತ್ತೇವೆ ಎಂದು ಹೇಳಿ ಹೋದರು. ಕೀರ್ತನ್ ಅಪ್ಪನೊಡನೆ ಮಾತು ಬಿಟ್ಟ. "ಬೇಡದಿದ್ರೆ ಬಾಯಿ ಬಿಟ್ಟು ಹೇಳ್ಲಿ, ಅವರ ಎದುರು ನನ್ನ ಮರ್ಯಾದೆ ಯಾಕೆ ತೆಗಿಬೇಕು?" ಎಂದು ನನ್ನ ಹತ್ತಿರ ಹಾರಾಡಿದ. ಭಾವನಿಗೆ ಹೇಳಿದರೆ, "ಸಂಬಂಧ ಹೋದ್ರೆ ಇನ್ನೊಂದು ಬರ್ತದೆ. ನನ್ನ ಮಾನ ಹೋದ್ರೆ ನೀನು ತಂದು ಕೊಡ್ತಿಯಾ?" ಎಂದರು. ಆ ಹೊತ್ತು ಅವರ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಆ ವಾರವೇ ಭಾವನಿಗೆ ಚಳಿಜ್ವರ ಬಂತು, ಹೊಟ್ಟೆಯ ಕೆಳಗೆ ಉರಿ. ಕೀರ್ತನ್ ಕಾರು ತೆಗೆದ. ಪುತ್ತೂರಿನಲ್ಲಿ ಡಾಕ್ಟರ್ ಪರೀಕ್ಷೆ ಮಾಡಿಸಿ, ಮೂತ್ರದಲ್ಲಿ ಸೋಂಕಾಗಿದೆ ಎಂದರು.

"ನೀರು ಕುಡಿತಾ ಇದ್ದೀರಾ?"

ಭಾವ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಗೋಡೆ ನೋಡಿದೆ. ಅಕ್ಕನೇ ಬಾಯಿಬಿಟ್ಟರು: "ಇಲ್ಲ ಡಾಕ್ಟ್ರೆ, ಸೋರ್ತದೆ ಅಂತ ನೀರು ಬಿಟ್ಟಿದ್ದಾರೆ. ಯಾರ ಮನೆಯಲ್ಲಿಯೂ ಮುಟ್ಟುದಿಲ್ಲ."

"ನೀರು ಬಿಟ್ರೆ ಸೋರುದು ನಿಲ್ಲುದಿಲ್ಲ. ಹೀಗೆ ಉರಿ, ಜ್ವರ ಬರ್ತದೆ ಅಷ್ಟೇ. ಕುಡಿಯಿರಿ, ಹೊತ್ತು ಹೊತ್ತಿಗೆ ಹೋಗಿ ಬನ್ನಿ, ವ್ಯಾಯಾಮ ಮಾಡಿ. ನಾಚಿಕೆ ಪಡುವಂಥದ್ದು ಇದರಲ್ಲಿ ಎಂತ ಉಂಟು?"

ಬಾಗಿಲ ಬಳಿ ನಿಂತಿದ್ದ ಕೀರ್ತನ್ ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ನೋಡಿ ನನಗೆ ಪಾಪ ಅನಿಸಿತು.

"ಇಷ್ಟೇಯಾ ಅಪ್ಪ?"

"ನಿನಗೆ ಇಷ್ಟೇ" ಎಂದರು ಭಾವ. ಕಣ್ಣಲ್ಲಿ ನೀರಿತ್ತು.

ಜ್ವರ ಇಳಿದು ಮನೆಗೆ ಬಂದ ಮೇಲೆ ಅವರೇ ಹೇಳಿದರು, ಸವಣೂರಿಗೆ ಹೋಗಬೇಕೆಂದು. ಸಂಕಪ್ಪರು ಬೇರೆ ಸಂಬಂಧದವರಿಗೆ ಮಾತು ಕೊಡುವ ಮೊದಲೇ ತಲುಪಬೇಕಿತ್ತು. ಕಾರಿನಲ್ಲಿ ದಾರಿಯುದ್ದಕ್ಕೂ, "ನೀನು ಮೊದಲೇ ಹೇಳಿಟ್ಟಿದ್ದಿ ಅಲ್ವಾ?" ಎಂದು ನನ್ನನ್ನು ಪೀಡಿಸಿದರು. ನಾನು ಕೈಮುಗಿದೆ.

ಸಂಕಪ್ಪರು ಬನ್ನಿ ಎಂದರೇ ಹೊರತು ಮುಖದ ಬಿಗಿ ಬಿಡಲಿಲ್ಲ. ಈ ಸಲ ಯಾರೂ ನೀರು ತರಲಿಲ್ಲ. ಭಾವ ಆ ಬಿಳಿ ಹೊದಿಕೆಯ ಸೋಫಾದಲ್ಲೇ ಕೂತರು.

"ಸಂಕಪ್ಪಣ್ಣ, ನನಗೆ ಬೆಲ್ಲ ನೀರು ಬೇಕಿತ್ತು."

ಪಂಕಜಾಕ್ಷಿ ಗಂಡನ ಮುಖ ನೋಡಿ ಒಳಗೆ ಹೋಗಿ ತಂದರು. ಭಾವ ಬೆಲ್ಲದ ತುಂಡು ಬಾಯಿಗೆ ಹಾಕಿ ಚೆಂಬನ್ನು ಎತ್ತಿ ಪೂರ್ತಿ ಕುಡಿದರು. ಆಮೇಲೆ ಹೇಳಿದರು, ಆಪರೇಷನ್, ಸೋರುವುದು, ಪ್ಯಾಡ್, ಕೆಮ್ಮಿದ್ದು, ಓಡಿದ್ದು, ಎಲ್ಲ. ನವ್ಯಾ ಬಾಗಿಲ ಸಂದಿಯಲ್ಲಿದ್ದಳು. ಕೀರ್ತನ್ ತಲೆ ತಗ್ಗಿಸಿ ಕೂತಿದ್ದ.

ಸಂಕಪ್ಪರು ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಿಮ್ಮ ಬಸ್ಸಿನಲ್ಲಿ ನನ್ನ ಅಪ್ಪ ಪುತ್ತೂರಿನ ಆಸ್ಪತ್ರೆಯಿಂದ ಬರ್ತಿದ್ರು. ಸಕ್ಕರೆ ಕಾಯಿಲೆ. ಒಂದು ಸಲ ನಿಲ್ಲಿಸಿ ಅಂತ ಕೇಳಿದ್ರಂತೆ. ನೀವು ಎಂತ ಹೇಳಿದ್ರಿ, ನೆನಪುಂಟಾ?"

ಇನ್ನು ಮುಗಿಯಿತು ಎಂದುಕೊಂಡೆ.

"ನೆನಪಿಲ್ಲ" ಎಂದರು ಭಾವ. "ಕೇಳಿದವರು ತುಂಬ ಜನ. ನಾನು ಯಾರಿಗೂ ನಿಲ್ಲಿಸ್ಲಿಲ್ಲ."

"ಸವಣೂರಿನಲ್ಲಿ ಇಳಿಯುವಾಗ ಪಂಚೆ ಚಂಡಿ ಆಗಿತ್ತು, ಪೂರ್ತಿ ಒದ್ದೆ. ಬಸ್ಸಿನಲ್ಲಿ ಎಲ್ಲ ನಗಾಡಿದ್ರಂತೆ. ಮಗಳ ಮುಖ ನೋಡಿ ಅದನ್ನು ನುಂಗಿಕೊಂಡಿದ್ದೆ. ನೀವು ನಮ್ಮ ನೀರು ಮುಟ್ಟದೆ ಹೋದಾಗ ನುಂಗ್ಲಿಕ್ಕೆ ಆಗ್ಲಿಲ್ಲ."

ಭಾವ ಕೈಯಲ್ಲಿದ್ದ ಖಾಲಿ ಚೆಂಬನ್ನೇ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು, "ಮನೆಗೆ ಬಂದು ನಿಮ್ಮ ಅಪ್ಪ ಎಂತ ಹೇಳಿದ್ರು?"

"ಎಂತ ಹೇಳ್ಲಿಲ್ಲ. ಆಮೇಲೆ ಎಲ್ಲಿಗೆ ಹೊರಡುದಿದ್ರೂ ನೀರು ಕುಡಿಯುದೇ ಬಿಟ್ರು. ಸಾಯುವ ತನಕ."

ಭಾವ ಚೆಂಬನ್ನು ಕೆಳಗಿಟ್ಟರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು, ಅದೂ ಅರ್ಧ.

ಸಂಕಪ್ಪರು ಒಳಗೆ ತಿರುಗಿ, "ಪಂಕಜಾ, ಇನ್ನೊಂದು ಚೆಂಬು ನೀರು ತಾ" ಎಂದರು.

ಭಾವ ಥಟ್ಟನೆ ತಲೆಯೆತ್ತಿದರು. ಆ ಹಳೆಯ ಸಂಶಯದ ನೋಟ. "ಇನ್ನೊಂದು ಎಂತಕ್ಕೆ?"

"ಕುಡಿಯಿರಿ. ನಮ್ಮಲ್ಲಿ ಬಚ್ಚಲು ಹತ್ತಿರವೇ ಉಂಟು. ನಾನು ತೋರಿಸ್ತೇನೆ."

ಭಾವ ನನ್ನ ಕಡೆ ನೋಡಿದರು, ಮಗನ ಕಡೆ ನೋಡಿದರು, ಮತ್ತೆ ಕುಡಿದರು. ಸ್ವಲ್ಪ ಹೊತ್ತಿಗೆ ಎದ್ದು ನಿಂತು, ಎಲ್ಲರ ಎದುರಿಗೇ, "ಎಲ್ಲಿ ಉಂಟು ಬಚ್ಚಲು?" ಎಂದು ಕೇಳಿದರು. ಸಂಕಪ್ಪರು ಅವರ ಕೈ ಹಿಡಿದು, ಅವಸರ ಮಾಡದೆ, ಮುಂದೆ ಮುಂದೆ ನಡೆದರು.