ದೇವರ ಮನೆಯ ಬ್ಯಾಂಕಿನ ಕಲ್ಲು

ಹೋದ ವಾರ ಶಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನಿಂದ ಟ್ರೇನಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಹೆಂಗಸಿನಿಂದ ಮಂಡಿನೋವಿನ ಮುಲಾಮಿನ ವಾಸನೆ ಬಂತು. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ನೆನಪಾದರು. ಅದೂ ಪೂರ್ತಿ ನಿಜವಲ್ಲ. ಮೊದಲು ನೆನಪಾದದ್ದು ಅವರ ಶೂ. ಕಂದು ಬಣ್ಣದ್ದು, ಕಾಲಿಗೆ ಆಧಾರವಾಗಿ ಪಟ್ಟಿಗಳನ್ನು ಬಿಗಿದದ್ದು... ಅಥವಾ ಕಪ್ಪೋ.

ಮನೆ ಕೊಂಡ ಹೊಸತರಲ್ಲಿ, ಹಳೆಯ ಕಟ್ಟಡಗಳ ಸಾಮಾನು ಮಾರುವ ಶಿಕಾಗೋದ ಅಂಗಡಿಯೊಂದರಿಂದ ಉದ್ದನೆಯ ಅಮೃತಶಿಲೆಯ ಹಲಗೆ ತಂದು ದೇವರ ಮನೆಯಲ್ಲಿ ಕಟ್ಟೆಯಾಗಿ ಕೂರಿಸಿದ್ದೆವು. ಅಪಲಾಚಿಯನ್ ಬೆಟ್ಟಗಳ ನಡುವಿನ ಕಲ್ಲಿದ್ದಲಿನ ಊರೊಂದರ ಬ್ಯಾಂಕಿನ ಕೌಂಟರ್ ಅದು ಎಂದು ಅಂಗಡಿಯವನು ಹೇಳಿದ್ದ. ಜನ ಮೊಣಕೈ ಊರಿ ಊರಿ ಅಂಚು ಸವೆದಿತ್ತು. ಬೇಲಿಯಾಚೆ ಗಿಡಕ್ಕೆ ನೀರು ಬಿಡುತ್ತಿದ್ದ ಅಜ್ಜಿಗೆ ಇದನ್ನು ಜಂಬದಿಂದಲೇ ಹೇಳಿದೆ, ಊರಿನ ಹೆಸರನ್ನೂ ಹೇಳಿದೆ. ಅವರು ಪೈಪು ಹಿಡಿದು ಹಾಗೇ ನಿಂತುಬಿಟ್ಟರು. ಅದು ಅವರ ಊರು. ಮದುವೆಗೆ ಮುಂಚೆ ಅದೇ ಕೌಂಟರಿನ ಹಿಂದೆ ಕೆಲಸ ಮಾಡಿದ್ದರು. ದೊಡ್ಡ ಕಂಬಗಳ ಆ ಕಟ್ಟಡವನ್ನು ಉಳಿಸಲು ಊರಿನವರು ಇನ್ನೂ ಓಡಾಡುತ್ತಿದ್ದರಂತೆ. ಆದರೆ ಒಳಗಿನದ್ದೆಲ್ಲ ಮಾರಾಟವಾಗಿ, ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಅವರು ನನ್ನ ಮುಖ ನೋಡಿ ಹೇಳಲಿಲ್ಲ.

"ಒಂದು ಸಲ ಮುಟ್ಟಿ ನೋಡಬಹುದಾ?" ಎಂದು ಮಾತ್ರ ಕೇಳಿದರು.

ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದೆ. ಹಾಫ್‌ಮನ್ ಎಸ್ಟೇಟ್ಸ್‌ನಿಂದ ಬಂದಿದ್ದ ಆಂಟಿಯೊಬ್ಬರು ನಮ್ಮತ್ತೆಯನ್ನು ರೇಗಿಸುತ್ತಿದ್ದರು: "ನಿಮ್ಮನೆ ಲಕ್ಷ್ಮಿ ಬಿಡಿ, ಡೈರೆಕ್ಟಾಗಿ ಬ್ಯಾಂಕ್ ಮೇಲೇ ಕೂತ್ಬಿಟ್ಟಿದಾಳೆ." ಆ ನಗುವಿನ ನಡುವೆ ಅಜ್ಜಿ ಕೋಲೂರಿಕೊಂಡು ಬಂದರು. ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು. ಶೂ ತೆಗೆಯುವುದು ಕಷ್ಟ ಎಂದು ಮುಂಬಾಗಿಲಲ್ಲೇ ಹೇಳಿದರು, ನಾನು ಪರವಾಗಿಲ್ಲ ಎಂದೆ.

ದೇವರ ಮನೆಯ ಹೊಸ್ತಿಲಲ್ಲಿ ಅತ್ತೆ ಅಡ್ಡ ಬಂದರು. "ಕಾಲು ತೊಳ್ಕೊಳೋದೇನೂ ಬೇಡ, ಶೂ ಬಿಟ್ಟು ಬಂದ್ರೆ ಸಾಕು ಅಂತ ಹೇಳಮ್ಮ." ಅವರ ಮಟ್ಟಿಗೆ ಅದು ದೊಡ್ಡ ರಿಯಾಯಿತಿ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಬಗ್ಗಲು ನೋಡಿದರು, ಆಗಲಿಲ್ಲ. ಆ ಪಟ್ಟಿಗಳನ್ನು ಬಿಚ್ಚಲು ಯಾರಾದರೂ ನೆಲಕ್ಕೆ ಕೂರಬೇಕಿತ್ತು. ಬೆಳಗಿನಿಂದ ಮನೆಗೆ ಬಂದ ಹಿರಿಯರೆಲ್ಲರ ಕಾಲಿಗೆ ಬಿದ್ದಿದ್ದ ನಾನು ಆ ಕಾಲಿನ ಬಳಿ ಕೂರಲಿಲ್ಲ. ರೇಷ್ಮೆ ಸೀರೆ, ಮಡಿ, ಅಷ್ಟು ಜನರ ಎದುರು ಶೂ ಮುಟ್ಟುವುದು... ಕಾರಣಗಳಲ್ಲಿ ಒಂದೊಂದು ದಿನ ಒಂದೊಂದನ್ನು ಆರಿಸಿಕೊಳ್ಳುತ್ತೇನೆ.

"ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ" ಎಂದರು ಅಜ್ಜಿ. ಕಾಣುತ್ತಿರಲಿಲ್ಲ. ಕಲ್ಲಿನ ಮೇಲೆ ಜರಿ ಬಟ್ಟೆ ಹಾಸಿ ಕಳಶ ಇಟ್ಟಿದ್ದೆವು.

ಅವರು ಅತ್ತರೆಂದು ಎಷ್ಟೋ ಕಾಲ ನಂಬಿದ್ದೆ. ಅಳಲಿಲ್ಲ. ಒಂದು ಚಕ್ಕುಲಿ ತಿಂದು, ಚೆನ್ನಾಗಿದೆ ಎಂದು ಹೊರಟರು. ಇನ್ನೊಂದು ದಿನ ಕರೆಯಬಹುದಿತ್ತು. ಕರೆಯುವ ಬದಲು ಬೇಲಿಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಮಗಳು ಡೆಟ್ರಾಯ್ಟ್‌ನಿಂದ ಬಂದಳು. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

"ನಿಮ್ಮ ಮನೆಯಲ್ಲಿ ಆ ಕಲ್ಲಿನ ಮೇಲೆ ಕೈಯಿಟ್ಟೆ, ಮೊದಲಿನ ಹಾಗೇ ತಣ್ಣಗಿತ್ತು ಅಂತ ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ನಿಜವಾಗಿಯೂ ಅಷ್ಟು ತಣ್ಣಗಿರುತ್ತಾ?"

ಹೌದು ಎಂದೆ.

ಈಗ ಅತ್ತೆಯೂ ಇಲ್ಲ. ಪಕ್ಕದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಬೆಳಿಗ್ಗೆ ಕಲ್ಲು ಒರೆಸುವಾಗ ಒಮ್ಮೊಮ್ಮೆ ಆ ಸವೆದ ಅಂಚಿನ ಮೇಲೆ ಅಜ್ಜಿಯ ಕೈ, ಉಬ್ಬಿದ ನರಗಳ ಸಮೇತ, ಸ್ಪಷ್ಟವಾಗಿ ಕಾಣುತ್ತದೆ. ಅವತ್ತು ಅವರು ನಿಜವಾಗಿ ಮುಟ್ಟಿದ್ದರು ಎಂಬಂತೆ ಕಾಣುವುದು ನನಗೆ ಎಷ್ಟು ಅನುಕೂಲ ಎಂದು ಹೊಳೆದ ಕೂಡಲೇ ಆ ಜಾಗವನ್ನು ಮತ್ತೊಮ್ಮೆ ಒರೆಸುತ್ತೇನೆ.